ಕಿಟಕಿ ತೆರೆಯದ ಮೂರು ದಿನ

ಟೋಕಿಯೋಗೆ ಹೋಗಿಬಂದೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ. "ಶಿಬುಯಾ ಕ್ರಾಸಿಂಗ್ ನೋಡಿದ್ರಾ? ಬುಲೆಟ್ ಟ್ರೇನ್ ಹತ್ತಿದ್ರಾ? ಫ್ಯೂಜಿ ಬೆಟ್ಟ ಕಾಣಿಸ್ತಾ?" ಎಲ್ಲವೂ ಆಯಿತು. ಫೋಟೋಗಳೂ ಇವೆ. ಆದರೆ ರಾತ್ರಿ ಮಲಗುವಾಗ ನೆನಪಿಗೆ ಬರೋದು ಇದ್ಯಾವುದೂ ಅಲ್ಲ. ಒಂದು ಸಣ್ಣ ಗಲ್ಲಿ, ಪಕ್ಕದ ಮನೆಯ ಅಜ್ಜಿ ಪೊರಕೆ ಎಳೆಯುವ ಸದ್ದು, ಬಾಗಿಲಿಗೆ ನೇತುಹಾಕಿದ್ದ ಒಂದು ಚೀಲ ಕಿತ್ತಳೆ. ಅದರ ಫೋಟೋ ನನ್ನ ಹತ್ತಿರ ಇಲ್ಲ.

ಆಫೀಸಿನ ಕೆಲಸದ ಮೇಲೆ ಮೂರು ವಾರ ಅಲ್ಲಿರಬೇಕಿತ್ತು. ನವೆಂಬರ್ ತಿಂಗಳು. ಆಫೀಸ್ ಹತ್ತಿರದ ಹೋಟೆಲ್ ರೇಟು ನೋಡಿ ತಲೆ ತಿರುಗಿತು. ಮ್ಯಾಪಿನಲ್ಲಿ ಸ್ವಲ್ಪ ದೂರ ದೂರಕ್ಕೆ ಬೆರಳು ಎಳೆಯುತ್ತಾ ಹೋದಾಗ ಸಿಕ್ಕಿದ್ದು ಯನಕಾ. ನಿಪ್ಪೊರಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಅಲ್ಲಿಂದ ಯಮನೋತೆ ಲೈನ್ ಹತ್ತಿದರೆ ಟೋಕಿಯೋ ಸ್ಟೇಷನ್ನಿಗೆ ಹನ್ನೆರಡು ನಿಮಿಷದೊಳಗೆ. ಹಳೇ ಕಾಲದ ಪುಟ್ಟ ಎರಡಂತಸ್ತಿನ ಮನೆ, ಮರದ್ದು. ಬುಕ್ ಮಾಡಿಬಿಟ್ಟೆ.

ನಾನು ಇಳಿದಾಗ ರಾತ್ರಿ ಹನ್ನೊಂದಾಗಿತ್ತು. ಸ್ಟೇಷನ್ ದಾಟಿದ ಮೇಲೆ ಒಂದು ನರಪಿಳ್ಳೆ ಇಲ್ಲ. ಎಷ್ಟು ನಿಶ್ಶಬ್ದ ಅಂದರೆ, ನನ್ನ ಟ್ರಾಲಿ ಬ್ಯಾಗಿನ ಚಕ್ರದ ಗಡಗಡ ಸದ್ದು ನನಗೇ ಮುಜುಗರ ಆಗುವಷ್ಟು ಜೋರಾಗಿ ಕೇಳುತ್ತಿತ್ತು. ಗಲ್ಲಿಗೆ ತಿರುಗಿದೆ. ಎರಡು ಕೈ ಚಾಚಿದರೆ ಎರಡೂ ಕಡೆಯ ಮನೆ ಮುಟ್ಟಬಹುದೇನೋ ಅನ್ನುವಷ್ಟು ಕಿರಿದು. ಪಕ್ಕದ ಮನೆಯ ಮೇಲಿನ ಕಿಟಕಿಯಲ್ಲಿ ದೀಪ ಹತ್ತಿತು. ಒಂದು ಕ್ಷಣ ಬಿಟ್ಟು ಆರಿತು.

ಬೆಳಗ್ಗೆ ಎದ್ದು ನೋಡಿದರೆ ಮನೆಯ ಓನರ್ ಮೆಸೇಜ್ ಬಂದಿತ್ತು. ತುಂಬ ಮರ್ಯಾದೆಯ ಇಂಗ್ಲಿಷ್. "ದಯವಿಟ್ಟು ರಾತ್ರಿ ಹೊತ್ತು ಸೂಟ್‌ಕೇಸನ್ನು ಎತ್ತಿಕೊಂಡು ಬನ್ನಿ." ಇಪ್ಪತ್ಮೂರು ಕೇಜಿ ಬ್ಯಾಗು! ಎತ್ತಿಕೊಂಡು ಬರೋದಂತೆ! ಸ್ವಲ್ಪ ಸಿಟ್ಟು ಬಂತು, ನಿಜ ಹೇಳಬೇಕು ಅಂದರೆ.

*

ಆ ಸಿಟ್ಟು ಇಳಿಸಿದ್ದು ಪೊರಕೆಯ ಸದ್ದು.

ಬೆಳಗ್ಗೆ ಆರೂವರೆಗೆ ಹೊರಗೆ ಸರ್ರ್ ಸರ್ರ್ ಅಂತ ಕೇಳಿಸಿತು. ಕಿಟಕಿಗೆ ಹೊರಗಡೆ ಮರದ ಹಲಗೆಯ ಜಾರುಬಾಗಿಲು ಇರುತ್ತೆ ಅಲ್ಲಿ, ಅಮಾದೋ ಅಂತಾರೆ. ರಾತ್ರಿ ಮುಚ್ಚಬೇಕು, ಬೆಳಗ್ಗೆ ಎಳೆದು ತೆಗೆಯಬೇಕು. ನಮ್ಮ ಮನೆಯದು ಹಳೆಯದು, ತೆಗೆಯುವಾಗ ದಡದಡ ಅಂತ ಬೀದಿಗೆಲ್ಲ ಕೇಳುತ್ತಿತ್ತು. ತೆಗೆದು ಬಗ್ಗಿ ನೋಡಿದೆ. ಎಂಬತ್ತು ದಾಟಿದ ಅಜ್ಜಿ, ಬೆನ್ನು ಚೂರು ಬಾಗಿದೆ, ಬಿದಿರಿನ ಪೊರಕೆ ಹಿಡಿದು ಹಳದಿ ಗಿಂಕ್ಗೊ ಎಲೆಗಳನ್ನು ಗುಡಿಸುತ್ತಿದ್ದಾರೆ. ತಮ್ಮ ಮನೆ ಮುಂದೆ ಮಾತ್ರ ಅಲ್ಲ, ನನ್ನ ಬಾಗಿಲ ಮುಂದೆಯೂ. ತಲೆಯೆತ್ತಿ ನೋಡಿ, "ಒಹಾಯೋ ಗೊಜಾಯಿಮಾಸ್" ಅಂದರು. ನಿನ್ನೆ ರಾತ್ರಿ ಅವರ ನಿದ್ದೆ ಕೆಡಿಸಿದ್ದು ನಾನೇ ಅನ್ನೋದು ಅವರಿಗೆ ಗೊತ್ತಿರಲೇಬೇಕು. ಮುಖದಲ್ಲಿ ಅದೇನೂ ಇರಲಿಲ್ಲ.

ಆ ಸಂಜೆ ಫೋನಿನಲ್ಲಿ ಅಮ್ಮನಿಗೆ ಖುಷಿಯಿಂದ ಹೇಳಿದೆ. "ಎಷ್ಟು ಒಳ್ಳೇ ಜನ ಗೊತ್ತಾ, ನನ್ನ ಮನೆ ಮುಂದೇನೂ ಅವರೇ ಗುಡಿಸ್ತಾರೆ."

ಅಮ್ಮ ಎರಡು ಸೆಕೆಂಡ್ ಸುಮ್ಮನಿದ್ದರು. ಆಮೇಲೆ, "ನೀನು ಗುಡಿಸಲ್ಲ ಅಂತ ಗೊತ್ತಾಗಿರಬೇಕು ಆ ಯಮ್ಮಂಗೆ. ಎಂಬತ್ತು ವರ್ಷದೋರು ಗುಡಿಸ್ತಿದ್ರೆ ಮೇಲಿಂದ ನಿಂತು ನೋಡ್ತಿದ್ಯಲ್ಲ, ನಾಚಿಕೆ ಆಗಲ್ವಾ?" ಅಂದರು.

ಮರುದಿನ ಆರೂಕಾಲಿಗೇ ಎದ್ದೆ. ಬಾಗಿಲ ಸಂದಿಯಲ್ಲಿ ಒಂದು ಪೊರಕೆ ಇತ್ತು. ಅಜ್ಜಿ ಬರುವಷ್ಟರಲ್ಲಿ ನನ್ನ ಬಾಗಿಲು, ಅವರ ಬಾಗಿಲು ಎರಡೂ ಗುಡಿಸಿ ನಿಂತಿದ್ದೆ. ಅಜ್ಜಿ ನೋಡಿದರು, ತಲೆ ಬಗ್ಗಿಸಿದರು, ಆಮೇಲೆ ನಾನು ಗುಡಿಸಿದ ಜಾಗವನ್ನೇ ಇನ್ನೊಂದು ಸಲ ಗುಡಿಸಿದರು! ಅಮ್ಮ ಊರಲ್ಲಿ ಮಾಡೋದೂ ಇದನ್ನೇ. ನಾನು ಗುಡಿಸಿದ್ದು ಯಾವ ದೇಶದಲ್ಲೂ ಪಾಸಾಗಲ್ಲ ಅಂತ ಗೊತ್ತಾಯಿತು.

*

ಹೀಗೆ ನನ್ನ ಯನಕಾ ಶುರುವಾಯಿತು.

ಟೋಕಿಯೋದಲ್ಲಿ ಹಳೆಯದು ಉಳಿದಿರುವ ಜಾಗ ಕಮ್ಮಿ. 1923ರ ಭೂಕಂಪದಲ್ಲಿ, ಅದರ ಬೆಂಕಿಯಲ್ಲಿ ಊರು ಸುಟ್ಟಿತು. 1945ರ ಬಾಂಬ್ ದಾಳಿಯಲ್ಲಿ ಇನ್ನೊಮ್ಮೆ ಸುಟ್ಟಿತು. ಯನಕಾ ಎರಡರಿಂದಲೂ ಬಹುಮಟ್ಟಿಗೆ ಬಚಾವಾಯಿತು. ಪುಟ್ಟ ಬಡಾವಣೆ, ಆದರೆ ಸುಮಾರು ಎಪ್ಪತ್ತು ದೇವಸ್ಥಾನಗಳಿವೆ. ನಡುವೆ ದೊಡ್ಡ ಸ್ಮಶಾನ, ಅದರ ಮಧ್ಯೆ ಚೆರ್ರಿ ಮರಗಳ ಸಾಲು. ಜಪಾನಿನ ಕೊನೆಯ ಶೋಗನ್ ತೊಕುಗವಾ ಯೊಶಿನೊಬು ಅವರ ಸಮಾಧಿಯೂ ಅಲ್ಲೇ. ನಮ್ಮಲ್ಲಿ ಸ್ಮಶಾನದ ದಾರಿ ಅಂದರೆ ಮಕ್ಕಳು ಓಡುತ್ತಾ ದಾಟುತ್ತೇವೆ. ಅಲ್ಲಿ ಜನ ಅದರೊಳಗೇ ವಾಕಿಂಗ್ ಮಾಡ್ತಾರೆ, ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ನಾನೂ ಸ್ಟೇಷನ್ನಿಗೆ ಅದರೊಳಗಿನ ಅಡ್ಡದಾರಿ ಹಿಡಿಯುತ್ತಿದ್ದೆ.

ಸಂಜೆ ವಾಪಸ್ ಬರುವಾಗ ಯುಯಾಕೆ ದಂದನ್ ಕಡೆಯಿಂದ ಬರುವುದು. ಮೂವತ್ತಾರು ಮೆಟ್ಟಿಲು. ಹೆಸರಿನ ಅರ್ಥ ಸೂರ್ಯಾಸ್ತದ ಮೆಟ್ಟಿಲು ಅಂತ. ಕೆಳಗಿಳಿದರೆ ಯನಕಾ ಗಿಂಜಾ ಅನ್ನೋ ಅಂಗಡಿ ಬೀದಿ. ಉದ್ದ ನೂರಾ ಎಪ್ಪತ್ತು ಮೀಟರ್ ಅಷ್ಟೇ, ಅಂಗಡಿ ಅರವತ್ತರ ಹತ್ತಿರ. ತರಕಾರಿ, ತೋಫು, ಟೀ ಪುಡಿ, ಚಪ್ಪಲಿ. ಸಸ್ಯಾಹಾರಿಗೆ ಜಪಾನಿನಲ್ಲಿ ಕಷ್ಟ, ಕಂಡ ಕಂಡ ಸಾರಿಗೆಲ್ಲ ಮೀನಿನ ರಸ ಹಾಕಿರ್ತಾರೆ. ನನ್ನನ್ನು ಕಾಪಾಡಿದ್ದು ಸುಟ್ಟ ಗೆಣಸು, ತೋಫು, ಆಮೇಲೆ ತಾಯಿಯಾಕಿ. ಮೀನಿನ ಆಕಾರದ್ದು, ಆದರೆ ಒಳಗೆ ಮೀನಿಲ್ಲ. ಸಿಹಿ ಕಾಳಿನ ಹೂರಣ. ಬಿಸಿಬಿಸಿಯಾಗಿ ಕಚ್ಚಿದರೆ ಸಾಕ್ಷಾತ್ ಹೋಳಿಗೆ ಹೂರಣದ ತಂಗಿ.

ಕತ್ತಲಾಗೋ ಹೊತ್ತಿಗೆ ಕಂಬದ ಮೇಲಿನ ಸ್ಪೀಕರಿನಿಂದ ಮಕ್ಕಳ ಹಾಡಿನ ಒಂದು ರಾಗ ಬರುತ್ತಿತ್ತು. ಭೂಕಂಪ ಬಂದರೆ ಎಚ್ಚರಿಸೋ ಸ್ಪೀಕರುಗಳವು. ದಿನಕ್ಕೊಮ್ಮೆ ಸರಿಯಿದೆಯಾ ಅಂತ ನೋಡೋದು ಒಂದು ಕಾರಣ. ಆಡ್ತಿರೋ ಮಕ್ಕಳಿಗೆ "ಮನೆಗೆ ಹೋಗಿ" ಅನ್ನೋದು ಇನ್ನೊಂದು. ಬೀದಿದೀಪ ಹತ್ತಿದ ಮೇಲೂ ಹೊರಗಿದ್ದರೆ ಅಜ್ಜಿ ಕೂಗುತ್ತಿದ್ದದ್ದು ನೆನಪಾಗಿ ನನ್ನ ಕಾಲು ತಾನಾಗೇ ಚುರುಕಾಗುತ್ತಿತ್ತು.

ಒಂದು ಭಾನುವಾರ ಪಕ್ಕದ ಮನೆ ಅಜ್ಜಿ ನನ್ನನ್ನು ಕೈಸನ್ನೆ ಮಾಡಿ ಕರೆದುಕೊಂಡು ಹೊರಟರು. ಎಲ್ಲಿಗೆ ಅಂತ ಗೊತ್ತಿಲ್ಲ. ಮೂರು ದಾರಿ ಸೇರುವ ಮೂಲೆಯಲ್ಲಿ ನಿಂತು ಮೇಲೆ ತೋರಿಸಿ, "ಇಂದೋ!" ಅಂದರು. ನೋಡಿದರೆ ಭಾರೀ ಮರ. ಕೆಳಗಿನ ಸಣ್ಣ ಬ್ರೆಡ್ ಅಂಗಡಿಯನ್ನು ಕೊಡೆ ಹಿಡಿದ ಹಾಗೆ ಮುಚ್ಚಿದೆ. ಅದು ಹಿಮಾಲಯದ ದೇವದಾರು. ಆ ಅಂಗಡಿಯ ಮನೆಯವರು ತಲೆಮಾರುಗಳ ಹಿಂದೆ ಕುಂಡದಲ್ಲಿ ಇಟ್ಟಿದ್ದ ಗಿಡ, ಬೆಳೆದು ಬೆಳೆದು ಈಗ ಊರಿನ ಗುರುತಾಗಿದೆ. ನಾನು ಬೆಂಗಳೂರಿನವರು, ಹಿಮಾಲಯ ನಮಗೆ ಎರಡು ಸಾವಿರ ಕಿಲೋಮೀಟರ್ ಆಚೆ ಅಂತ ಹೇಳೋಕೆ ಹೋಗಲಿಲ್ಲ. ನಮ್ಮೂರ ಮರ ಅಂತಲೇ ಒಪ್ಪಿಕೊಂಡೆ. ಕಾಂಡ ಮುಟ್ಟಿ ನೋಡಿದೆ. ಅಜ್ಜಿಗೆ ಬಹಳ ಸಂತೋಷವಾಯಿತು.

*

ಎರಡನೇ ವಾರ ಜ್ವರ ಬಂತು. ಚಳಿ ಹೊಡೆದಿತ್ತು ಅನ್ಸುತ್ತೆ. ಆಫೀಸಿಗೆ ಮೆಸೇಜ್ ಹಾಕಿ ಮಲಗಿದೆ. ಊರಿಂದ ತಂದಿದ್ದ ಮಾತ್ರೆ, ಬಿಸಿನೀರು, ಕೊನೆಯ ಎರಡು ಪ್ಯಾಕೆಟ್ ರೆಡಿ ಉಪ್ಪಿಟ್ಟು. ಅಮ್ಮನಿಗೆ ಹೇಳಲಿಲ್ಲ, ಗಾಬರಿಯಾಗ್ತಾರೆ ಅಂತ. ಕಿಟಕಿ ತೆಗೆಯೋಕೂ ಎದ್ದಿಲ್ಲ. ಮೂರು ದಿನ ಕತ್ತಲಲ್ಲೇ ಇದ್ದೆ.

ಮೂರನೇ ದಿನ ಸಂಜೆ ಬಾಗಿಲು ತಟ್ಟಿದ ಸದ್ದು. ನಾನು ಕೆಳಗಿಳಿದು ಬರುವಷ್ಟರಲ್ಲಿ ಯಾರೂ ಇಲ್ಲ. ಹಿಡಿಕೆಗೆ ಒಂದು ಚೀಲ ನೇತಾಡುತ್ತಿತ್ತು. ಸಿಪ್ಪೆ ಸಡಿಲವಾದ ಪುಟ್ಟ ಪುಟ್ಟ ಕಿತ್ತಳೆ. ಜೊತೆಗೆ ಒಂದು ಚೀಟಿ. ಚೀಟಿಯ ಮೇಲೆ ಫೋನ್ ಹಿಡಿದೆ. ಅನುವಾದದ ಆ್ಯಪ್ ಅದರದೇ ತೊದಲು ಕನ್ನಡದಲ್ಲಿ ಹೇಳಿತು: "ಮೂರು ದಿನ ಕಿಟಕಿ ತೆರೆಯುವ ಶಬ್ದ ಇಲ್ಲ. ದೇಹ ಚೆನ್ನಾಗಿದೆಯೇ?"

ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ.

ಯಾಕೆ ಅಂತ ಹೇಳ್ತೀನಿ. ಬೆಂಗಳೂರಲ್ಲಿ ನಾನಿರೋದು ಅಪಾರ್ಟ್‌ಮೆಂಟಿನ 303ರಲ್ಲಿ. 304ರಲ್ಲಿ ಒಬ್ಬರು ಅಂಕಲ್ ಇದ್ದರು. ನಾಲ್ಕು ವರ್ಷ ಲಿಫ್ಟಿನಲ್ಲಿ ನೋಡಿದ್ದೇನೆ. ಒಂದು ದಿನ ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮೆಸೇಜ್ ಬಂತು, ಅವರು ತೀರಿಕೊಂಡರು ಅಂತ. ಅವರ ಹೆಸರು ನನಗೆ ಗೊತ್ತಾಗಿದ್ದೇ ಆ ಮೆಸೇಜಿನಿಂದ. ಎರಡು ತಿಂಗಳಿಂದ ಹುಷಾರಿರಲಿಲ್ಲವಂತೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೋಡೆ. ನಾನು ಕೈ ಮುಗಿದ ಇಮೋಜಿ ಒಂದು ಹಾಕಿ ಮೀಟಿಂಗ್ ಮುಂದುವರಿಸಿದೆ. ಸಂಜೆ ಹೋಗಿ ಆಂಟಿಯನ್ನು ಮಾತಾಡಿಸಬೇಕು ಅಂದುಕೊಂಡೆ. ತಡವಾಗಿತ್ತು. ನಾಳೆ ಅಂದುಕೊಂಡೆ. ಆಮೇಲೆ ಇಷ್ಟು ದಿನ ಆದ ಮೇಲೆ ಹೇಗೆ ಹೋಗೋದು ಅನ್ನೋ ಸಂಕೋಚ. ಹೋಗಲೇ ಇಲ್ಲ.

*

ಹುಷಾರಾದ ಮೇಲೆ ಅಜ್ಜಿಯ ಮನೆಗೆ ಹೋದೆ. ಚೀಲ ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮನ ಕಾನೂನು, ಹಾಗಾಗಿ ಊರಿಂದ ತಂದಿದ್ದ ಒಂದು ಡಬ್ಬ ಕೊಬ್ಬರಿ ಮಿಠಾಯಿ ಒಳಗಿಟ್ಟೆ. ಅಜ್ಜಿ ಒಳಗೆ ಕೂರಿಸಿ ಟೀ ಕೊಟ್ಟರು. ಇಬ್ಬರ ನಡುವೆ ನನ್ನ ಫೋನ್. ನಾನು ಕನ್ನಡದಲ್ಲಿ, ಅವರು ಜಪಾನಿಯಲ್ಲಿ.

ಅವರು ಒಂದು ಮಾತು ಹೇಳಿಕೊಟ್ಟರು. ಮುಕೋ ಸಂಗೆನ್ ರ್‍ಯೋದೊನಾರಿ. ಎದುರಿನ ಮೂರು ಮನೆ, ಅಕ್ಕಪಕ್ಕದ ಎರಡು ಮನೆ. ಒಂದು ಮನೆಗೆ ಈ ಐದು ಮನೆ ಸೇರಿದರೇನೇ ನೆರೆಹೊರೆ ಅಂತ ಲೆಕ್ಕ.

ನಾನು ಹೇಳಿದೆ, "ಅಜ್ಜಿ, ನಿಮ್ಮ ಬೀದಿ ಎಷ್ಟು ಶಾಂತವಾಗಿದೆ. ನಮ್ಮೂರಲ್ಲಿ ಇಂಥ ಶಾಂತಿ ಸಿಗೋದೇ ಇಲ್ಲ. ನನಗೆ ಇದು ಬಹಳ ಇಷ್ಟ."

ಫೋನ್ ಅದನ್ನು ಹೇಳಿತು. ಅಜ್ಜಿ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ಫೋನ್ ಕನ್ನಡ ಮಾಡಿತು: "ನಿಮಗೆ ಇಷ್ಟವಾದ ಮೌನ ನನಗೆ ಇಷ್ಟವಿಲ್ಲ."

ಆ್ಯಪ್ ತಪ್ಪು ಮಾಡಿರಬೇಕು ಅಂತ ಇನ್ನೊಮ್ಮೆ ಹೇಳಿಸಿದೆ. ತಪ್ಪಾಗಿರಲಿಲ್ಲ.

ಮೊದಲು ಈ ಗಲ್ಲಿಯಲ್ಲಿ ಹನ್ನೊಂದು ಮಕ್ಕಳಿದ್ದರಂತೆ. ಗಲಾಟೆಯೋ ಗಲಾಟೆ. ತೋಫು ಮಾರೋನ ಪೀಪಿ, ಹೊಲಿಗೆ ಮಷೀನು, ಗಂಡ ಹೆಂಡತಿ ಜಗಳ, ಎಲ್ಲಾ ಕೇಳಿಸುತ್ತಿತ್ತು. ಮಕ್ಕಳು ದೊಡ್ಡವರಾಗಿ ಹೋದರು. ಅವರ ಮಗನೂ ಬೇರೆ ಊರಲ್ಲಿದ್ದಾನೆ. ಎದುರಿನ ಮೂರರಲ್ಲಿ ಒಂದು ಮನೆ ಖಾಲಿ. ಆ ಹೊಲಿಗೆ ಮಷೀನು ನಾನು ಉಳಿದಿದ್ದ ಮನೆಯದು. ಅಲ್ಲಿದ್ದವರು ಇವರ ಐವತ್ತು ವರ್ಷದ ಗೆಳತಿ. ಪ್ರತಿದಿನ ಬೆಳಗ್ಗೆ ಅವರು ಕಿಟಕಿಯ ಹಲಗೆ ಎಳೆದ ಸದ್ದು ಕೇಳಿದ ಮೇಲೆ ಇವರು ಟೀಗೆ ನೀರಿಡುತ್ತಿದ್ದರಂತೆ. ಒಂದು ದಿನ ಆ ಸದ್ದು ಬರಲಿಲ್ಲ. ಮಕ್ಕಳು ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟರು.

ಜಪಾನಿನಲ್ಲಿ 2018ರಿಂದ ಇದಕ್ಕೊಂದು ಕಾನೂನಿದೆ. ಮನೆಯನ್ನು ಹೀಗೆ ಬಾಡಿಗೆಗೆ ಕೊಡೋದಾದರೆ ವರ್ಷಕ್ಕೆ ಹೆಚ್ಚೆಂದರೆ 180 ದಿನ. ಅಂದರೆ ಮಿಕ್ಕ ಅರ್ಧ ವರ್ಷ ಆ ಕಿಟಕಿ ತೆರೆಯೋರೇ ಇಲ್ಲ. ತೆರೆದರೂ ವಾರಕ್ಕೊಬ್ಬರು. 2023ರ ಸರ್ಕಾರಿ ಗಣತಿಯಲ್ಲಿ ಆ ದೇಶದಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ ಅಂತ ಬಂತು. ನೂರಕ್ಕೆ ಹದಿನಾಲ್ಕು ಮನೆ ಅಂತ ಇಟ್ಟುಕೊಳ್ಳಿ. ನಾನು "ಆಹಾ ಎಷ್ಟು ಪ್ರಶಾಂತ" ಅಂತ ಅಮ್ಮನಿಗೆ ವಿಡಿಯೋ ಕಳಿಸಿದ್ದೆನಲ್ಲ, ಅದರಲ್ಲಿ ಅರ್ಧ ಶಾಂತಿ ಜನರ ಸಂಯಮದ್ದು. ಇನ್ನರ್ಧ ಜನ ಇಲ್ಲದ್ದು. ನನ್ನ ಬುಕಿಂಗೂ ಆ ಎರಡನೇ ಅರ್ಧಕ್ಕೇ ಸೇರಿದ್ದು.

ಹಾಗಂತ ಯನಕಾದವರು ಕೈಕಟ್ಟಿ ಕೂತವರಲ್ಲ. 1984ರಲ್ಲಿ ಮೊರಿ ಮಯುಮಿ ಮತ್ತು ಅವರ ಗೆಳತಿಯರು ಮಕ್ಕಳನ್ನು ಸಂಭಾಳಿಸಿಕೊಂಡೇ ಯನಕಾ, ನೆಜು, ಸೆಂದಗಿ ಅನ್ನೋ ಮೂರು ಅಕ್ಕಪಕ್ಕದ ಬಡಾವಣೆಗಳಿಗೆ ಒಂದು ಪುಟ್ಟ ಪತ್ರಿಕೆ ಶುರುಮಾಡಿದರು. ಇಲ್ಲಿನ ಹಿರಿಯರ ನೆನಪು ಕೇಳಿ ಬರೆದರು. ಹಳೇ ಕಟ್ಟಡಗಳನ್ನು ಒಡೆಯದಂತೆ ದನಿಯೆತ್ತಿದರು. ಪತ್ರಿಕೆ 2009ರವರೆಗೆ ನಡೆಯಿತು. ಈಗ ಎಲ್ಲರೂ ಈ ಭಾಗವನ್ನು "ಯನೆಸೆನ್" ಅನ್ನೋದು ಅದರಿಂದಲೇ. ಇನ್ನೂರು ವರ್ಷದ ಸಾರ್ವಜನಿಕ ಸ್ನಾನದ ಮನೆ ಮುಚ್ಚಿದಾಗ ಕೆಡವಲಿಲ್ಲ, 1993ರಲ್ಲಿ ಅದು ಕಲಾ ಗ್ಯಾಲರಿಯಾಯಿತು. 1938ರಲ್ಲಿ ಶುರುವಾದ ಕಾಫಿ ಅಂಗಡಿಯೊಂದು 2006ರಲ್ಲಿ ಮುಚ್ಚಿತು. ಮೂರು ವರ್ಷಕ್ಕೆ ಅದೇ ಹಳೇ ಮರದ ಕಟ್ಟಡದಲ್ಲಿ, ಅದೇ ಹೆಸರಲ್ಲಿ ಮತ್ತೆ ತೆರೆಯಿತು. ಕಯಾಬಾ ಕಾಫಿ ಅಂತ. ಹೋದರೆ ಒಂದು ಕಪ್ ಕುಡಿಯಿರಿ.

ಅಜ್ಜಿಯ ಮನೆಯಿಂದ ಏಳುವಾಗ ನನ್ನ ಟ್ರಾಲಿ ಬ್ಯಾಗಿನ ಸದ್ದಿಗೆ ಕ್ಷಮೆ ಕೇಳಿದೆ. ಅಜ್ಜಿ ಕೈಯಾಡಿಸಿಬಿಟ್ಟರು. ಆ ರಾತ್ರಿ ಸದ್ದು ಕೇಳಿ ಸಿಟ್ಟು ಬಂತಂತೆ. ಪಕ್ಕದ ಮನೆಗೆ ಯಾರೋ ಬಂದರು ಅಂತ ಗೊತ್ತಾಗಿ ಆಮೇಲೆ ನಿದ್ದೆಯೂ ಬಂತಂತೆ.

ಉಳಿದ ದಿನಗಳು ನಾನು ಕಿಟಕಿಯ ಹಲಗೆಯನ್ನು ಬೆಳಗ್ಗೆ ಸ್ವಲ್ಪ ಜೋರಾಗೇ ಎಳೆದೆ. ಹೊರಡುವ ದಿನ ಮಾತ್ರ ಇಪ್ಪತ್ಮೂರು ಕೇಜಿ ಬ್ಯಾಗನ್ನು ಗಲ್ಲಿಯ ಕೊನೆಯವರೆಗೂ ಎತ್ತಿಕೊಂಡು ಹೋದೆ. ಬೆಳಗಿನ ಐದು ಗಂಟೆ. ಪಕ್ಕದ ಮನೆಯ ಮೇಲಿನ ಕಿಟಕಿಯಲ್ಲಿ ದೀಪ ಹತ್ತಿತು. ಈ ಸಲ ಆರಲಿಲ್ಲ.

*

ಬೆಂಗಳೂರಿಗೆ ಬಂದ ಮೊದಲ ಶನಿವಾರ ಒಂದು ಕೇಜಿ ಕಿತ್ತಳೆ ತಂದು 304ರ ಬೆಲ್ ಒತ್ತಿದೆ. ಕೈ ಬೆವರುತ್ತಿತ್ತು. ಏನು ಹೇಳೋದು? "ಅಂಕಲ್ ಹೋಗಿ ಎಂಟು ತಿಂಗಳಾಯಿತು, ಈಗ ಬಂದೆ" ಅಂತಲಾ?

ಆಂಟಿ ಗ್ರಿಲ್ಲಿನ ಒಳಗಿಂದ "ಯಾರು?" ಅಂದರು. ನಾನು ತಡವರಿಸುತ್ತಾ, "ಪಕ್ಕದ ಮನೆ ಆಂಟಿ, 303" ಅಂದೆ.

"ಗೊತ್ತು, ಗೊತ್ತು," ಅಂತ ಗ್ರಿಲ್ ತೆಗೆದರು. "ಊರಲ್ಲಿರಲಿಲ್ವಾ ನೀವು? ಬೆಳಗ್ಗೆ ಏಳೂವರೆಗೆ ನಿಮ್ಮ ಮಿಕ್ಸಿ ಶಬ್ದ ಬರ್ತಿತ್ತು. ಮೂರು ವಾರದಿಂದ ಇಲ್ಲ. ಯಾಕೆ ಅಂತ ವಾಚ್‌ಮನ್ ಹತ್ರ ಕೇಳಿದೆ, ಅವನಿಗೂ ಗೊತ್ತಿರಲಿಲ್ಲ. ಬನ್ನಿ ಒಳಗೆ."

ಕಿತ್ತಳೆ ಚೀಲ ಹಿಡಿದುಕೊಂಡು ಒಳಗೆ ಹೋದೆ. ಅಂಕಲ್ ಫೋಟೋ ಹಾಲಿನಲ್ಲಿತ್ತು. ಲಿಫ್ಟಿನಲ್ಲಿ ನೋಡಿದ್ದಕ್ಕಿಂತ ಫೋಟೋದಲ್ಲಿ ಹೆಚ್ಚು ನಗುತ್ತಿದ್ದರು. ಅವರ ಬಗ್ಗೆ ಕೇಳಿದೆ. ಆಂಟಿ ಹೇಳುತ್ತಾ ಹೋದರು. ಕಾಫಿ ಎರಡು ಸಲ ಆಯಿತು.